ಬೈಯುವವರಿಗೂ ಬಾಗಿಲು

ರೈಟ್‌ರೈಟ್ ತಾತ ಬಾಯಿ ತೆಗೆದರೆ ಮೂರು ಬೀದಿ ಆಚೆ ಮಲಗಿದ್ದ ಕೂಸು ಎದ್ದು ಕೂರುತ್ತಿತ್ತು. ಬಸ್ ಕಂಡಕ್ಟರಾಗಿ ಜನ್ಮವೆಲ್ಲ ಇಂಜಿನ್ನಿನ ಜೊತೆ ಪೈಪೋಟಿ ಮಾಡಿ ಬೆಳೆಸಿದ ಗಂಟಲು ಅದು. ಅಂಥವನು ಸೋಮವಾರ ಬೆಳಿಗ್ಗೆ ಸಾರ್ವಜನಿಕ ಗ್ರಂಥಾಲಯಕ್ಕೆ ಬಂದು, ಹರಿದ ಪುಸ್ತಕದ ಬೆನ್ನಿಗೆ ಅಂಟು ಹಚ್ಚುತ್ತಿದ್ದ ಲೈಬ್ರರಿಯಮ್ಮನ ಮುಂದೆ ನಿಂತ.

"ಭಾನುವಾರ ನಿಮ್ಮ ಹಾಲ್ ಬೇಕಲ್ಲಮ್ಮ."

"ತಗೊಳ್ಳಿ ತಾತ. ಏನು ಕಾರ್ಯಕ್ರಮ?"

"ನಿನ್ನ ಬೈಯೋದು."

ಲೈಬ್ರರಿಯಮ್ಮನ ಕೈಯ ಬ್ರಷ್ ನಿಂತಿತು. "ನೀವೊಬ್ಬರೇ ಬೈತೀರೋ, ಜನಾನೂ ಬರ್ತಾರೋ?"

"ಊರೇ ಬರುತ್ತೆ. ಐದು ಹೊಡೆಯೋದೇ ತಡ, ಬೀಗ ಜಡೀತೀಯ. ದುಡಿಯೋ ಜನ ಆರಕ್ಕೆ ಬಂದು ನಿನ್ನ ಬೀಗಕ್ಕೆ ಕೈ ಮುಗಿದು ಹೋಗಬೇಕಾ? ಅದನ್ನೇ ಹೇಳ್ತೀನಿ."

"ಹಾಗಾದ್ರೆ ಕುರ್ಚಿ ಜಾಸ್ತಿ ಹಾಕಿಸ್ತೀನಿ."

ಹೀಗೆ ಅಂದು ಭಾನುವಾರದ ಪುಟದಲ್ಲಿ ತಾತನ ಹೆಸರು ಬರೆದುಕೊಂಡಳು. ಮೊದಲು ಕೇಳಿದವರಿಗೆ ಸಭಾಂಗಣ, ಏನು ಮಾತಾಡುತ್ತೀರಿ ಎಂದು ಕೇಳುವಂತಿಲ್ಲ. ಗ್ರಂಥಾಲಯದ ನಿಯಮವೇ ಅದು. ಆದರೆ ಅವಳ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮುಂದಿನ ತಿಂಗಳು ಅದನ್ನು ತೀರ್ಮಾನಿಸಬೇಕಿದ್ದವರು ಗ್ರಂಥಾಲಯ ಸಮಿತಿಯ ಅಧ್ಯಕ್ಷರು.

ಮಧ್ಯಾಹ್ನದ ಹೊತ್ತಿಗೆ ಅಧ್ಯಕ್ಷರ ಹೊಟ್ಟೆ ಬಾಗಿಲಲ್ಲಿ ಕಾಣಿಸಿತು. ಸ್ವಲ್ಪ ಹೊತ್ತಿಗೆ ಅಧ್ಯಕ್ಷರೂ ಬಂದರು.

"ಮುದುಕನಿಗೆ ಹಾಲ್ ಇಲ್ಲ ಅಂದುಬಿಡು. ಬಣ್ಣ ಹೊಡೀತಿದ್ದಾರೆ ಅನ್ನು."

"ಬಣ್ಣ ಎಲ್ಲಿ ಸಾರ್?"

"ಸರಿ, ಏನು ಮಾತಾಡ್ತಾನೆ ಅಂತ ಮೊದಲೇ ಬರೆದು ಕೊಡ್ಲಿ. ಬೇಡದ್ದು ನಾನು ತೆಗೀತೀನಿ."

"ಅಕ್ಕೀಲಿ ಕಲ್ಲು ಆರಿಸಿದ ಹಾಗಾ? ಹೋದ ಸಲ ಇದೇ ಹಾಲಲ್ಲಿ ನಿಮ್ಮನ್ನ ಹೊಗಳಿದಾಗ ಯಾರೂ ಮೊರ ಹಿಡಿದಿರಲಿಲ್ಲವಲ್ಲ ಸಾರ್."

"ನಿನಗೆ ಖಾಯಂ ಆಗಬೇಕೋ ಬೇಡವೋ?"

"ಆಗಬೇಕು ಸಾರ್," ಅಂದಳು. "ಹಾಲ್ ಮಾತ್ರ ಭಾನುವಾರ ತೆಗೀತೀನಿ."

ಮನೆಯಲ್ಲಿ ಅತ್ತೆಗೆ ಆಗಲೇ ಸುದ್ದಿ ಮುಟ್ಟಿತ್ತು. "ಬೈಸಿಕೊಳ್ಳೋಕೆ ತಾನೇ ಕುರ್ಚಿ ಹಾಕೋಳನ್ನ ಏಳು ಲೋಕದಲ್ಲೂ ಕಂಡಿಲ್ಲ. ಅಷ್ಟು ಆಸೆ ಇದ್ರೆ ನನಗೆ ಹೇಳಬಾರದಿತ್ತಾ, ಮನೇಲೇ ಬೈತಿದ್ದೆ."

"ದಿನಾ ಬೈತೀರಲ್ಲ ಅತ್ತೆ. ನಿಮ್ಮ ಬಾಯಿಗೆ ನಾನು ಬೀಗ ಹಾಕಿದೀನಾ?"

"ಹಾಕಿ ನೋಡು."

"ಅಷ್ಟೇ. ಇಲ್ಲಿ ನಿಮಗಿರೋದು ಅಲ್ಲಿ ಅವರಿಗೂ ಇರ್ಲಿ."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಭಾನುವಾರ ನಾನೂ ಬರ್ತೀನಿ. ಅವನಿಗೆ ನೆಟ್ಟಗೆ ಬೈಯೋಕೆ ಬರುತ್ತೋ ಇಲ್ವೋ ನೋಡಬೇಕು."

ಭಾನುವಾರ ಒಂದು ಇರುವೆ ಬಂದಿದ್ದರೂ ನಿಂತೇ ಇರಬೇಕಾಗಿತ್ತು, ಅಷ್ಟು ಜನ. ಅಧ್ಯಕ್ಷರು ಕೊನೆಯ ಸಾಲಿನಲ್ಲಿ ಕೈಕಟ್ಟಿ ಕೂತರು. ಅವರ ಪಕ್ಕದಲ್ಲೇ ಗೋಡೆಗೊರಗಿ ಲೈಬ್ರರಿಯಮ್ಮ ನಿಂತಳು. ತಾತ ಶುರು ಮಾಡಿದ. ಇವಳಿಗೆ ಪುಸ್ತಕಕ್ಕಿಂತ ಬೀಗದ ಮೇಲೆ ಪ್ರೀತಿ ಎಂದ, ಗಡಿಯಾರವನ್ನೇ ಕಟ್ಟಿಕೊಂಡವಳು ಎಂದ. ಜನ ಬಿದ್ದು ಬಿದ್ದು ನಕ್ಕರು. ಅವಳ ಕಿವಿಯ ಬಿಸಿಗೆ ಒಂದು ಹಂಡೆ ನೀರು ಕಾಯುತ್ತಿತ್ತು. ಆದರೂ ಅವಳು ಕದಲಲಿಲ್ಲ. ತಾತ ನೀರು ಕುಡಿಯಲು ನಿಲ್ಲಿಸಿದಾಗ ಕೈ ಎತ್ತಿದಳು.

"ನಾನೂ ಒಂದು ಮಾತು ಹೇಳಬೇಕು."

"ಸುಮ್ಮನಿರಮ್ಮ. ಇವತ್ತು ಹಾಲ್ ನಂದು."

"ಹಾಲ್ ನಿಮ್ಮದೇ ತಾತ, ನನ್ನ ಬಾಯಿ ನಿಮ್ಮದಲ್ಲ. ನಿಮ್ಮ ಮಾತು ತಡೀಬಾರದು ಅಂತ ಕೆಲಸಾನೇ ಪಣಕ್ಕಿಟ್ಟು ಬಂದಿದೀನಿ. ಈಗ ನೀವು ನನ್ನ ಮಾತು ತಡೀತೀರಾ?"

ತಾತ ಬಾಯಿ ತೆಗೆದ. ಹುಟ್ಟಿದಾಗಿನಿಂದ ಮೊದಲ ಸಲ ಸೊಳ್ಳೆಗಿಂತ ಸಣ್ಣ ದನಿಯಲ್ಲಿ "ಹೇಳು" ಅಂದ.

"ಐದಕ್ಕೆ ಮುಚ್ಚಬೇಕು ಅಂತ ಗೊತ್ತು ಮಾಡಿದ್ದು ಸಮಿತಿ. ಎಂಟರವರೆಗೆ ತೆಗೆದಿಡೋಣ, ಇನ್ನೊಬ್ಬರನ್ನ ಕೊಡಿ ಅಂತ ನಾನೇ ಎರಡು ಸಲ ಕೇಳಿದೆ. ಬೇಡ ಅಂದ್ರು. ಯಾಕೆ ಅಂತ ನನಗೂ ಗೊತ್ತಿಲ್ಲ. ಅಧ್ಯಕ್ಷರು ಇಲ್ಲೇ ಇದ್ದಾರೆ."

ಅಷ್ಟು ಕತ್ತುಗಳು ಒಟ್ಟಿಗೆ ಹಿಂದೆ ತಿರುಗಿದ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ಹಾರಿತು. ಅಧ್ಯಕ್ಷರು ಎದ್ದು, ಹಲ್ಲು ಕಚ್ಚಿ, ಅವಳಿಗೆ ಮಾತ್ರ ಕೇಳುವಂತೆ ಹೇಳಿದರು: "ಖಾಯಂ ಅನ್ನೋದು ಮರೆತುಬಿಡು."

"ಮರೆತೆ ಸಾರ್," ಅವಳು ಎಲ್ಲರಿಗೂ ಕೇಳುವಂತೆ ಅಂದಳು. "ಈಗ ಹೇಳಿ, ಜನ ಕಾಯ್ತಿದ್ದಾರೆ."

ಅಧ್ಯಕ್ಷರು ಬಾಗಿಲ ಕಡೆ ತಿರುಗಿದರು. ಅಲ್ಲಿ ಅತ್ತೆ ಅಡ್ಡಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಮಂಡಿ ಹಿಡಿದುಬಿಟ್ಟಿದೆ ಕಣಪ್ಪ, ಏಳೋದು ತಡ ಆಗುತ್ತೆ. ಅಷ್ಟರಲ್ಲಿ ಹೇಳಿಬಿಡು."

ವೇದಿಕೆಯ ಮೇಲೆ ತಾತನ ಗಂಟಲು ವಾಪಸ್ ಬಂದಿತ್ತು. ಅವನು ಮೈಕಿನಿಂದ ಪಕ್ಕಕ್ಕೆ ಸರಿದು ಕೈ ಬೀಸಿದ.

"ಮುಂದೆ ಬನ್ನಿ ಸಾರ್, ಮುಂದೆ ಬನ್ನಿ. ಜಾಗ ಖಾಲಿ ಇದೆ."