ಸರದಾರನ ಬೋಗುಣಿ, ಅಡಿವೆವ್ವನ ತಾಟು

ತಿಳವಳ್ಳಿಯ ಚನ್ನವೀರಪ್ಪನ ಮನೆಯಲ್ಲಿ ಅಡಿವೆವ್ವ ಹನ್ನೊಂದು ವರ್ಷ ಸಗಣಿ ಬಳಿದಿದ್ದಳು, ಗೋವಿನಜೋಳ ಹರವಿ ಒಣಗಿಸಿದ್ದಳು. ಅವಳು ಉಣ್ಣುವ ಅಲ್ಯೂಮಿನಿಯಂ ತಾಟು ಮಾತ್ರ ಕೊಟ್ಟಿಗೆಯ ಗೋಡೆಗೂಡನ್ನು ದಾಟಿ ಒಳಗೆ ಹೋದದ್ದಿಲ್ಲ. ಆ ಮನೆಯ ಮುಧೋಳ ನಾಯಿ ಸರದಾರನ ಸ್ಟೀಲ್ ಬೋಗುಣಿಯೋ, ಅಡುಗೆಮನೆಯಲ್ಲಿ ಮನೆಯವರ ತಾಟುಗಳ ಸಾಲಿನಲ್ಲೇ ಇರುತ್ತಿತ್ತು.

ಮಧ್ಯಾಹ್ನ ಚನ್ನವೀರಪ್ಪನ ಹೆಂಡತಿ ಹೊನ್ನವ್ವ ಪಡಸಾಲೆಯಲ್ಲಿ ಬಗ್ಗಿ, ಬೋಗುಣಿಯನ್ನು ನಾಯಿಯ ಮೂತಿಗೇ ಹಿಡಿಯುತ್ತಿದ್ದಳು. ಆಮೇಲೆ ಕೊಟ್ಟಿಗೆಗೆ ಬಂದು, ಅಡಿವೆವ್ವ ಎತ್ತಿ ಹಿಡಿದ ತಾಟಿನೊಳಗೆ ಮೊಳದೆತ್ತರದಿಂದ ರೊಟ್ಟಿ ಬಿಡುತ್ತಿದ್ದಳು. ಸರದಾರನಿಗೆ ಈ ಅಂತರ ತಿಳಿಯದು. ಬೋಗುಣಿಯನ್ನು ಮೂಸಿ ಬಿಟ್ಟು ಕೊಟ್ಟಿಗೆಗೆ ಓಡಿಬಂದು, ಅಡಿವೆವ್ವ ಮುರಿದಿಟ್ಟ ಅರ್ಧ ರೊಟ್ಟಿಯನ್ನು ಅವಳ ತಾಟಿನಿಂದಲೇ ತಿನ್ನುತ್ತಿದ್ದ.

ಒಂದು ದಿನ ಹೊನ್ನವ್ವ ಅದನ್ನು ಕಂಡಳು.

"ಅಡಿವೆವ್ವಾ, ಏನ್ ಮಾಡಾಕತ್ತಿ ನೀ? ನಿನ್ನ ತಾಟಿಗೆ ಬಾಯಿ ಹಾಕಿದ ನಾಯಿ ಒಳಗ ಬಂದು ನಮ್ಮ ಹಾಸಿಗಿ ಮ್ಯಾಲ ಮಲಗತೈತಿ. ಮನಿ ಎಲ್ಲಾ ಮೈಲಿಗಿ ಆತು!"

"ಅವ್ವಾರ, ಮುಂಜಾನೆ ಅದು ತಿಪ್ಪಿ ಕೆದರಿ ಬಂದಿತ್ರಿ. ಆವಾಗ ಆಗದ ಮೈಲಿಗಿ ಈ ರೊಟ್ಟಿಯಿಂದ ಹೆಂಗ ಆತ್ರಿ? ಇದನ್ನ ಬಡದಾಕಿನೂ ನೀವ ಅಲ್ರಿ?"

"ಬಾಯಿ ಭಾಳ ಆತು ನಿಂದು. ನಾಳಿಂದ ಬೇಲಿ ಆಚೆ ಕುಂತು ಉಣ್ಣು."

ಅಡಿವೆವ್ವ ತಾಟು ತೊಳೆದು ಕಂಕುಳಲ್ಲಿಟ್ಟುಕೊಂಡಳು. "ನಾಳಿಂದ ನಾ ಬರೂದಿಲ್ರಿ."

ಸರದಾರನನ್ನು ಪಡಸಾಲೆಯಲ್ಲಿ ಸರಪಳಿಯಿಂದ ಕಟ್ಟಿದರು. ನಾಲ್ಕು ದಿನ ಅವನು ಹಾಲು ಮುಟ್ಟಲಿಲ್ಲ, ಮೊಸರನ್ನದ ಕಡೆ ನೋಡಲಿಲ್ಲ. ಹಾನಗಲ್ಲಿನಿಂದ ಬಂದ ದನದ ಡಾಕ್ಟರು ಪರೀಕ್ಷಿಸಿ, "ಇದಕ್ಕ ರೋಗ ಇಲ್ರಿ. ದಿನಾ ಯಾರ ಜೋಡಿ ಉಣ್ತಿತ್ತೋ ಅವರನ್ನ ಕರಸ್ರಿ. ಇನ್ನೆರಡು ದಿನ ಹಿಂಗ ಇದ್ರ ಉಳಿಯೂದಿಲ್ಲ" ಎಂದರು.

ಚನ್ನವೀರಪ್ಪ ಅಡಿವೆವ್ವನ ಕೇರಿಗೆ ಬಂದ, ಬೈಕಿನಿಂದ ಇಳಿಯಲಿಲ್ಲ. "ಅಡಿವೆವ್ವ, ನಾಯಿ ಎದ್ದು ನಿಲ್ಲವಲ್ದು. ಬಾರವಾ, ಒಂದ್ ತುತ್ತು ಉಣಿಸಿ ಹೋಗು."

ಸರದಾರ ಕಣ್ಣು ಬಿಡದ ಮರಿಯಾಗಿದ್ದಾಗ ಹತ್ತಿಯ ಬತ್ತಿಯಿಂದ ಹಾಲು ಕುಡಿಸಿದವಳು ಅಡಿವೆವ್ವ. ಈ ನಾಲ್ಕು ದಿನವೂ ರೂಢಿಯಂತೆ ಅರ್ಧ ರೊಟ್ಟಿ ಮುರಿದು ಪಕ್ಕಕ್ಕಿಟ್ಟಿದ್ದಳು. ಹೋಗದಿದ್ದರೆ ಒಂದು ಮೂಕಜೀವ ಸಾಯುತ್ತದೆ. ಸುಮ್ಮನೆ ಹೋದರೆ ಬೇಲಿಯಾಚೆಯ ಜಾಗವನ್ನು ತಾನೇ ಒಪ್ಪಿಕೊಂಡಂತೆ.

"ಬರ್ತೇನ್ರಿ. ಆದ್ರ ಬೇಲಿ ಆಚೆ ಅಲ್ಲ, ಕೊಟ್ಟಿಗ್ಯಾಗೂ ಅಲ್ಲ. ಸರದಾರ ಎಲ್ಲಿ ಉಣ್ತಾನೋ ನಾನೂ ಅಲ್ಲೇ ಉಣ್ತೇನಿ."

"ಮೊದಲ ಬಾ, ಆಮ್ಯಾಲ ನೋಡೂಣ."

"ನೋಡೂದೇನೈತ್ರಿ? ಹೂಂ ಅನ್ರಿ, ಇಲ್ಲಾ ಊಹೂಂ ಅನ್ರಿ."

ಚನ್ನವೀರಪ್ಪ ಹಿಂದೆ ಮುಂದೆ ನೋಡಿದ. "ಹೂಂ" ಎಂದ.

ಅಡಿವೆವ್ವ ತಾಟು ಹಿಡಿದು ಕೊಟ್ಟಿಗೆಯನ್ನು ದಾಟಿ ನಡೆದಳು. ಪಡಸಾಲೆಯಲ್ಲಿ ನಾಯಿಯ ಪಕ್ಕ ಕುಳಿತಳು. ಎಲುಬು ಕಾಣುತ್ತಿದ್ದ ಸರದಾರ ತೆವಳಿ ಬಂದು ಅವಳ ಮೊಣಕಾಲಿನ ಮೇಲೆ ಮೂತಿಯಿಟ್ಟ.

ಹೊನ್ನವ್ವ ರೊಟ್ಟಿ ತಂದು ನಿಂತಳು. "ತಾಟ ಎತ್ತಿ ಹಿಡಿ."

ಅಡಿವೆವ್ವ ತಾಟನ್ನು ನೆಲದ ಮೇಲಿಟ್ಟು, ಎರಡೂ ಕೈಗಳನ್ನು ಮಡಿಲಿನಲ್ಲಿಟ್ಟುಕೊಂಡಳು. "ಬಗ್ಗಿ ಹಾಕ್ರಿ, ಅವ್ವಾರ. ಸರದಾರಗ ಹೆಂಗ ಹಾಕ್ತೀರೋ ಹಂಗ."

ಹೊನ್ನವ್ವ ಗಂಡನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ನಾಯಿ ಕಣ್ಣು ಮುಚ್ಚಿತು. ಕೊನೆಗೆ ಹೊನ್ನವ್ವ ಸೆರಗು ಸಾವರಿಸಿಕೊಂಡು ಬಗ್ಗಿದಳು. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ರೊಟ್ಟಿ ಆ ತಾಟಿನೊಳಗೆ ಸಪ್ಪಳವಿಲ್ಲದೆ ಕುಳಿತಿತು.

ಅಡಿವೆವ್ವ ಅದನ್ನು ಎರಡಾಗಿ ಮುರಿದಳು. ಸರದಾರ ತಿಂದ, ಅವಳೂ ತಿಂದಳು.

ಉಂಡಾದ ಮೇಲೆ ತಾಟು ತೊಳೆದು ಅಡುಗೆಮನೆಯ ಹೊಸ್ತಿಲ ಮೇಲಿಟ್ಟಳು.

"ಅವನ ಬೋಗುಣಿ ಬಾಜೂಕ ಇಡ್ರಿ. ನಾಳೆ ಮತ್ತ ಬರ್ತೇನಿ."