ಸೈಕಲ್ ಕಥೆ ಮುಗಿಯುವಷ್ಟು ಹೊತ್ತು

ಅಜ್ಜಿ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಾಗ ಅತ್ತದ್ದು ನಾನು. ಅವಳು ಡಾಕ್ಟರ ಹತ್ತಿರ ಚೌಕಾಸಿ ಮಾಡುತ್ತಿದ್ದಳು.

"ಈ ಪಟ್ಟಿ ಒಂಚೂರು ತೆಳ್ಳಗೆ ಹಾಕಿ ಡಾಕ್ಟ್ರೇ. ಸೌಟು ಹಿಡಿಯೋಕೆ ಎರಡು ಬೆರಳು ಬಿಟ್ಟರೆ ಸಾಕು."

"ಆರು ವಾರ ಸೌಟಿನ ಕಡೆ ನೋಡಲೂ ಕೂಡದು."

"ನೋಡದೇನೇ ಕಲಕ್ತೀನಿ ಬಿಡಿ. ಅಭ್ಯಾಸ ಇದೆ."

ಡಾಕ್ಟರು ಪಟ್ಟಿಯನ್ನು ಇನ್ನೂ ಎರಡು ಸುತ್ತು ಹೆಚ್ಚೇ ಹಾಕಿದರು. ಅವರಿಗೂ ಅಜ್ಜಿಯ ಪರಿಚಯ ಚೆನ್ನಾಗಿತ್ತು. ಇಪ್ಪತ್ತು ಹಾಸಿಗೆಗಳ ಆ ಆಸ್ಪತ್ರೆಯಲ್ಲಿ ಅವಳು ಇಪ್ಪತ್ತಾರು ವರ್ಷದಿಂದ ಅಡುಗೆ ಮಾಡುತ್ತಿದ್ದಳು. ತಾತ ಅದೇ ಆಸ್ಪತ್ರೆಯ ಗೇಟು ಕಾಯುತ್ತಿದ್ದರು. ಏಳನೇ ತರಗತಿಗೆ ಶಾಲೆ ಬಿಟ್ಟ ಮೇಲೆ ನಾನೂ ಅಲ್ಲೇ ತರಕಾರಿ ಹೆಚ್ಚಲು ಸೇರಿಕೊಂಡೆ. ನಡೆದರೂ ಸದ್ದಾಗದ, ಕರೆದರೂ ಬೇಗ ಬಾಯಿ ಬಿಡದ ನನಗೆ ಅಜ್ಜಿ ಇಟ್ಟ ಹೆಸರು ಬೆಕ್ಕು.

ಮಧ್ಯಾಹ್ನದ ಊಟವನ್ನು ಯಾರಾದರೂ ಮಾಡಬಹುದಿತ್ತು. ಬೆಳಗಿನ ಗಂಜಿ ಹಾಗಲ್ಲ. ರವೆಯನ್ನು ಬೆಣ್ಣೆಯಲ್ಲಿ ಹುರಿದು ಹಾಲಲ್ಲಿ ಬೇಯಿಸುವ ಗಂಜಿ ಅದು. ಹೊಟ್ಟೆ ಕೊಯ್ಸಿಕೊಂಡವರು, ಜ್ವರದಿಂದ ಎದ್ದವರು, ಯಾವುದೂ ಬೇಡ ಎಂದು ಗೋಡೆಗೆ ಮುಖ ಮಾಡಿ ಮಲಗಿದವರು, ಎಲ್ಲರೂ ಅದನ್ನು ಮಾತ್ರ ಬೇಡ ಎನ್ನುತ್ತಿರಲಿಲ್ಲ. ಅದು ಅಜ್ಜಿಗೆ ಅವಳ ಅಜ್ಜಿಯಿಂದ ಬಂದದ್ದು. ಎಲ್ಲೂ ಬರೆದಿಟ್ಟಿರಲಿಲ್ಲ.

ಆಸ್ಪತ್ರೆ ನಡೆಸುವ ಮೇಡಂ ಸೋಮವಾರ ಬೆಳಿಗ್ಗೆ ಅಡುಗೆಮನೆಗೆ ಬಂದು ನನ್ನ ಮುಂದೆ ನಿಂತರು.

"ನೋಡಮ್ಮ, ಶುಕ್ರವಾರದವರೆಗೂ ನೀನೇ ಮಾಡು. ಶುಕ್ರವಾರ ನಾನೇ ಬಂದು ನಿಂತು ನೋಡ್ತೀನಿ. ಸರಿ ಬಂತೋ, ಜಾಗ ನಿಮ್ಮಜ್ಜಿಗೇ ಇಟ್ಟಿರ್ತೀನಿ, ಅಲ್ಲಿವರೆಗೂ ನೀನು ಮಾಡು. ಬರಲಿಲ್ಲ ಅಂದ್ರೆ ಹೊರಗಿನ ಅಡುಗೆಯವರೊಬ್ಬರಿಗೆ ಹೇಳಿದ್ದೀನಿ. ಅವರು ಬಂದ್ರೆ ಬಂದ ಹಾಗೇನೇ. ಆರು ವಾರಕ್ಕೆ ಅಂತ ಯಾರೂ ಬರೋದಿಲ್ಲ. ಹಾಂ, ಮತ್ತೆ ಹೇಗೆ ಮಾಡೋದು ಅಂತ ಒಂದು ಹಾಳೇಲಿ ಬರೆದೂ ಕೊಡು."

ನಾನು ತಲೆಯಾಡಿಸಿದೆ. ತಲೆಯಾಡಿಸುವುದು ನನಗೆ ಚೆನ್ನಾಗಿ ಬರುತ್ತಿತ್ತು.

ಸೋಮವಾರ ಗಂಜಿಯಲ್ಲಿ ಗಂಟು. ಮಂಗಳವಾರ ಗಂಟೂ ಇತ್ತು, ತಳವೂ ಹಿಡಿದಿತ್ತು. ಹೊಟ್ಟೆಯ ಆಪರೇಷನ್ ಆಗಿ ನಾಲ್ಕನೇ ರೂಮಿನಲ್ಲಿದ್ದ ಮೇಷ್ಟ್ರು ಬಟ್ಟಲನ್ನು ವಾಪಸು ಕಳಿಸುವಾಗ ಅದರ ಅಂಚಿನಲ್ಲಿ ಗಂಟುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು.

"ಹನ್ನೊಂದಂತೆ," ಎಂದಳು ಪಾತ್ರೆ ಅಕ್ಕ. ಪಾತ್ರೆ ತೊಳೆಯುವ ಅವಳನ್ನು ಎಲ್ಲರೂ ಹಾಗೆಯೇ ಕರೆಯುವುದು. "ನಿನ್ನೆ ಹದಿನಾಲ್ಕಿತ್ತು, ಪ್ರಗತಿ ಇದೆ ಅಂತ ಹೇಳು ಅಂದ್ರು."

ಬಾಗಿಲ ಮೇಲಿನ ಗಡಿಯಾರ ನೋಡಿ ಹತ್ತು ನಿಮಿಷ ಕಲಕಿದೆ, ಹನ್ನೆರಡು ಕಲಕಿದೆ, ಹದಿನೈದೂ ಕಲಕಿದೆ. ಮನೆಗೆ ಹೋಗಿ ಅಜ್ಜಿಯನ್ನು ಕೇಳಿದರೆ ಅವಳದು ಒಂದೇ ಉತ್ತರ.

"ಆಗೋವರೆಗೂ ಕಲಕಬೇಕು ಕಣೇ."

"ಆಗಿದೆ ಅಂತ ಹೇಗೆ ಗೊತ್ತಾಗುತ್ತೆ?"

"ಆದಾಗ ಆಗಿರುತ್ತೆ."

ಬುಧವಾರ ಸಂಜೆ ನಾನು ಊಟದ ಮೇಜಿನ ಮೇಲೆ ಖಾಲಿ ಪಾತ್ರೆ ಇಟ್ಟು ಅವಳ ಎಡಗೈಗೆ ಸೌಟು ಕೊಟ್ಟೆ. "ಮಾಡಿ ತೋರ್ಸು," ಎಂದೆ. ಕಿಟಕಿಯ ಹತ್ತಿರ ತಾತ ಬೂಟಿಗೆ ಪಾಲಿಶ್ ಹಚ್ಚುತ್ತ ಕೂತಿದ್ದರು.

ಅಜ್ಜಿ ಸೌಟನ್ನು ಎರಡು ಸುತ್ತು ತಿರುಗಿಸಿದಳು. ಕೈ ನಿಂತಿತು. ಮತ್ತೆ ತಿರುಗಿಸಿದಳು, ಮತ್ತೆ ನಿಂತಿತು.

"ಬರ್ತಿಲ್ಲ ಕಣೇ. ಸುಮ್ಮನೆ ಕೂತು ಕಲಕೋದು ಅಂದ್ರೆ ಹೇಗೆ? ಮಾತಿಲ್ಲ ಕತೆಯಿಲ್ಲ."

"ಮಾತಾಡ್ತಾನೇ ಮಾಡು."

ಅವಳ ಕಣ್ಣು ಕಿಟಕಿಯ ಕಡೆ ಹೋಯಿತು. ತುಟಿ ಆಗಲೇ ನಗುತ್ತಿತ್ತು. "ಇವರು ಆವತ್ತು ಬೆಳಿಗ್ಗೆ ಹೊಸ ಶರಟು ಹಾಕ್ಕೊಂಡು ಪೇಟೆಗೆ ಹೋದ್ರು ನೋಡು..."

"ನನಗೆ ಹೊರಗೆ ಕೆಲಸ ಇದೆ," ಎಂದು ತಾತ ಒಂದು ಬೂಟು ಕಾಲಲ್ಲಿ, ಇನ್ನೊಂದು ಕೈಯಲ್ಲಿ ಹಿಡಿದು ಎದ್ದುಹೋದರು. ಸೈಕಲ್ ಕಥೆ ಶುರುವಾದಾಗಲೆಲ್ಲ ಅವರಿಗೆ ಹೊರಗೆ ಕೆಲಸ ಇರುತ್ತಿತ್ತು.

ಆ ಕಥೆಯನ್ನು ಅಜ್ಜಿ ದಿನಾ ಬೆಳಿಗ್ಗೆ ಒಲೆಯ ಮುಂದೆ ನಿಂತು ಪಾತ್ರೆ ಅಕ್ಕನಿಗೆ ಹೇಳುತ್ತಿದ್ದಳು. ಪಾತ್ರೆ ಅಕ್ಕ ದಿನಾ ಹೊಸದಾಗಿ ಕೇಳಿದವಳಂತೆ ನಗುತ್ತಿದ್ದಳು. ಮೂಲೆಯಲ್ಲಿ ಕ್ಯಾರೆಟ್ ಹೆರೆಯುತ್ತ ನಾನೂ ಒಂಬತ್ತು ವರ್ಷ ಕೇಳಿದ್ದೆ. ಆದರೆ ಆ ಸಂಜೆ ಮೊದಲ ಸಲ ಕಥೆಯನ್ನು ಬಿಟ್ಟು ಅವಳ ಕೈಯನ್ನು ನೋಡಿದೆ.

"ಸೈಕಲ್ ತರ್ತೀನಿ, ನಿನ್ನ ಹಿಂದೆ ಕೂರಿಸ್ಕೊಂಡು ಬೀದಿಯೆಲ್ಲಾ ಸುತ್ತಿಸ್ತೀನಿ ಅಂತ ಡಂಗುರ ಸಾರಿ ಹೋದ್ರು. ಮಧ್ಯಾಹ್ನ ಆಯ್ತು, ಇಲ್ಲ. ಬಿಸಿಲು ಇಳೀತು, ಇಲ್ಲ." ಇಷ್ಟು ಹೊತ್ತು ಸೌಟು ಗಿರಗಿರ ತಿರುಗಿತು. ರವೆ ಸುರಿಯುವ ಹೊತ್ತು ಅದು. "ನೋಡ್ತೀನಿ, ಬೀದಿ ಕೊನೇಲಿ ಎರಡು ಚಕ್ರ ಬರ್ತಿವೆ, ಜನರ ತಲೆಗಿಂತ ಮೇಲೆ! ಲೋಕದಲ್ಲಿ ಜನ ಸೈಕಲ್ ಮೇಲೆ ಕೂತು ಬರ್ತಾರೆ. ನಮ್ಮನೆಯವರ ಮೇಲೆ ಸೈಕಲ್ ಕೂತು ಬಂತು!"

ಅವಳು ನಕ್ಕಳು. ಸೌಟು ನಿಂತಿತು. ನಗು ಮುಗಿಯುವವರೆಗೂ ನಿಂತೇ ಇತ್ತು. ರವೆ ಹಾಲು ಕುಡಿದು ಅರಳುವ ಹೊತ್ತು.

ಆಮೇಲೆ ಕಥೆಯಲ್ಲಿ ಬೀದಿಯವರು ಒಬ್ಬೊಬ್ಬರಾಗಿ ಬಂದರು. ಕ್ಷೌರಿಕ "ಪಂಕ್ಚರ್ರಾ?" ಎಂದ. ದರ್ಜಿ "ಚೈನ್ ಕಿತ್ತೋಯ್ತಾ?" ಎಂದ. ಬ್ರೆಡ್ ಅಂಗಡಿಯವಳು "ಸೈಕಲ್‌ಗೆ ಜ್ವರಾನಾ?" ಎಂದಳು. ಒಬ್ಬೊಬ್ಬರಿಗೂ ಸೌಟು ನಿಧಾನವಾಗಿ ಒಂದೊಂದು ದೊಡ್ಡ ಸುತ್ತು ಹಾಕಿತು. ಕೊನೆಗೆ ತಾತ ಬಾಗಿಲಿಗೆ ಬಂದಾಗ ಅಜ್ಜಿ ಹೇಳಿದ್ದು, "ಮೊದಲು ಅದನ್ನ ಇಳಿಸ್ರೀ. ಪಾಪ, ದಣಿದಿರುತ್ತೆ." ಅಲ್ಲಿ ಒಲೆ ಆರಿಸಿ ಸಕ್ಕರೆ ಹಾಕುವುದು.

"ಅಜ್ಜಿ, ನೀನು ಗಂಜಿ ಬೇಯೋ ಹೊತ್ತನ್ನ ಕಥೇಲಿ ಅಳೀತೀಯ," ಎಂದೆ.

"ಹೋಗೇ. ಗಂಜಿಗೂ ಕಥೆಗೂ ಏನು ನೆಂಟಸ್ತನ?" ಎಂದವಳು ಸೌಟು ಹಿಡಿದೇ ಯೋಚನೆಗೆ ಬಿದ್ದಳು. "ಆದ್ರೆ... ನಮ್ಮಜ್ಜೀನೂ ಕಲಕುವಾಗ ಒಂದು ಹೇಳ್ತಿದ್ಲು. ನಮ್ಮ ತಾತ ಕತ್ತಲೇಲಿ ಮೇಕೆ ತಪ್ಪಿಸ್ಕೊಂಡಿದೆ ಅಂತ ಪಕ್ಕದ ಮನೆ ನಾಯೀನ ಹಗ್ಗ ಹಾಕಿ ಎಳ್ಕೊಂಡು ಬಂದದ್ದು. ನಾನೂ ಮೊದಮೊದಲು ಅದನ್ನೇ ಹೇಳ್ತಿದ್ದೆ. ಮದುವೆ ಆಗಿ ಮೂರು ತಿಂಗಳಿಗೆ ನನಗೆ ನನ್ನದೇ ಒಂದು ಸಿಕ್ತು."

ಗುರುವಾರ ನಾನು ಕಥೆಯನ್ನು ಮನಸ್ಸಿನಲ್ಲೇ ಹೇಳಿಕೊಂಡು ಕಲಕಿದೆ. ಮನಸ್ಸಿನಲ್ಲಿ ತಾತ ಪೇಟೆಗೆ ಹೋಗಿ ಬರುವುದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕಾಗಿತ್ತು. ನಗುವವರೂ ಇರಲಿಲ್ಲ. ಮೇಷ್ಟ್ರ ಬಟ್ಟಲಿನಲ್ಲಿ ಗಂಟು ಆರು.

ಅಂದರೆ ಬಾಯಿ ಬಿಟ್ಟೇ ಹೇಳಬೇಕಿತ್ತು.

ಶುಕ್ರವಾರ ಮೇಡಂ ಕಿಟಕಿಗೆ ಒರಗಿ ಕೈಕಟ್ಟಿ ನಿಂತರು. ಅವರ ಹಿಂದೆ ಅಂಗಳದಲ್ಲಿ ಒಗೆದ ಬಿಳಿ ಹಾಸುಗಳು ಸಾಲಾಗಿ ಒಣಗುತ್ತಿದ್ದವು. ತಾತ ಗೇಟಿನಿಂದ ಹಾಲಿನ ಕ್ಯಾನು ತಂದಿಟ್ಟರು. ದಿನಾ ಇಟ್ಟ ಕೂಡಲೇ ತಿರುಗಿ ಹೋಗುವವರು ಅಂದು ಹೋಗಲಿಲ್ಲ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ, ಟೋಪಿ ತೆಗೆಯದೆ, ಬೆನ್ನು ನೆಟ್ಟಗೆ ಮಾಡಿ ಕೂತರು. ಅವರ ಮುಂದೆ ಆ ಕಥೆಯನ್ನು ಅಜ್ಜಿಯ ಹೊರತು ಯಾರೂ ಹೇಳಿದ್ದಿಲ್ಲ.

ಹಾಲು ಕಾಯಿತು. ಹುರಿದ ರವೆಯನ್ನು ಎಡಗೈಯಲ್ಲಿ ತೆಗೆದುಕೊಂಡೆ.

"ಅಕ್ಕಾ," ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. "ಇವರು... ನಮ್ಮ ತಾತ ಆವತ್ತು ಬೆಳಿಗ್ಗೆ ಹೊಸ ಶರಟು ಹಾಕ್ಕೊಂಡು ಪೇಟೆಗೆ ಹೋದ್ರು."

ಪಾತ್ರೆ ಅಕ್ಕನ ಕೈಯಿಂದ ತಟ್ಟೆ ನೀರಿಗೆ ಬಿತ್ತು. ಮೇಡಂ ಹುಬ್ಬೇರಿಸಿದರು. ನಾನು ಪಾತ್ರೆಯನ್ನೇ ನೋಡುತ್ತ, ರವೆ ಸುರಿಯುತ್ತ, ಡಂಗುರ ಸಾರಿದ್ದು ಹೇಳಿದೆ, ಬಿಸಿಲು ಇಳಿದದ್ದು ಹೇಳಿದೆ, ಬೀದಿ ಕೊನೆಯಲ್ಲಿ ಎರಡು ಚಕ್ರ ಕಂಡದ್ದೂ ಹೇಳಿದೆ.

"ಲೋಕದಲ್ಲಿ ಜನ ಸೈಕಲ್ ಮೇಲೆ ಕೂತು ಬರ್ತಾರೆ..."

ತಲೆ ಎತ್ತಬಾರದಿತ್ತು, ಎತ್ತಿದೆ. ತಾತನ ಮೀಸೆ ಕಂಡಿತು. ಮಾತು ನಿಂತಿತು. ಅದರ ಜೊತೆಗೆ ಸೌಟೂ ನಿಂತಿತು. ಹಾಲು ತಳದಲ್ಲಿ ಚುರ್ ಎಂದದ್ದು ಎಲ್ಲರಿಗೂ ಕೇಳಿಸಿತು.

"ಆಮೇಲೆ?" ಎಂದಳು ಪಾತ್ರೆ ಅಕ್ಕ, ಮೆಲ್ಲಗೆ.

ನಾನು ಮತ್ತೆ ಪಾತ್ರೆಗೆ ಬಗ್ಗಿದೆ.

"ಕೈ ನಿಲ್ಲಿಸ್ಬೇಡ ಮಗಾ, ತಳ ಹಿಡಿಯುತ್ತೆ," ಎಂದರು ತಾತ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಒಮ್ಮೆ ಕೆಮ್ಮಿದರು. ಮೇಡಂ ಕಡೆ ತಿರುಗಿ, ಗೇಟಿನಲ್ಲಿ ಯಾರು ಬಂದರು ಯಾರು ಹೋದರು ಎಂದು ವರದಿ ಕೊಡುವ ದನಿಯಲ್ಲಿ ಹೇಳಿದರು. "ಲೋಕದಲ್ಲಿ ಜನ ಸೈಕಲ್ ಮೇಲೆ ಕೂತು ಬರ್ತಾರೆ ಮೇಡಂ. ಸೈಕಲ್ಲು ನನ್ನ ಮೇಲೆ ಕೂತು ಬಂತು."

ಮೊದಲು ನಕ್ಕದ್ದು ಮೇಡಂ. ಅವರು ನಗುವುದನ್ನು ಆ ಅಡುಗೆಮನೆ ಅಲ್ಲಿಯವರೆಗೆ ಕಂಡಿರಲಿಲ್ಲ. ಪಾತ್ರೆ ಅಕ್ಕ ತೊಳೆಯುವ ತೊಟ್ಟಿಯ ಅಂಚು ಹಿಡಿದು ಬಾಗಿ ನಕ್ಕಳು. ನಾನು ಉರಿ ತಗ್ಗಿಸಿ ಸೌಟು ನಿಲ್ಲಿಸಿದೆ. ನಗು ದೊಡ್ಡದಿತ್ತು, ರವೆಗೆ ಬೇಕಾದಷ್ಟು ಹೊತ್ತು ಸಿಕ್ಕಿತು.

"ಕ್ಷೌರಿಕ ಬಂದ," ಎಂದೆ ನಾನು, ಸೌಟು ಎತ್ತಿ.

"ಬಂದ. ಪಂಕ್ಚರ್ರಾ ಅಂದ," ಎಂದರು ತಾತ. "ಅವನಿಗೆ ಬೇರೆ ಕೆಲಸ ಇರಲಿಲ್ಲ."

"ದರ್ಜಿ?"

"ಅವನಿಗೂ ಇರಲಿಲ್ಲ. ಆದ್ರೆ ಒಂದು ಮಾತು ಮೇಡಂ. ನನಗೆ ಸೈಕಲ್ ಹೊಡೆಯೋಕೆ ಬರ್ತಿತ್ತು. ಇವಳಜ್ಜಿ ಅದನ್ನ ಯಾರಿಗೂ ಹೇಳಲ್ಲ. ಹಿಂದಿನ ದಿನ ಮಳೆ ಬಂದು ದಾರಿಯೆಲ್ಲ ಕೆಸರು. ಹೊಸ ಸೈಕಲ್ಲು, ಚಕ್ರದ ಕಡ್ಡಿ ಕಡ್ಡೀನೂ ಫಳಫಳ ಅಂತಿತ್ತು. ಅವಳು ನೋಡೋ ಮೊದಲೇ ಕೆಸರಾಗೋದು ಬೇಡ ಅಂತ ಹೊತ್ಕೊಂಡು ಬಂದೆ. ಅಷ್ಟೇ."

ಯಾರೂ ನಗಲಿಲ್ಲ. ಪಾತ್ರೆ ಅಕ್ಕ ಮೂಗು ಒರೆಸಿಕೊಂಡಳು. ಅಜ್ಜಿಯ ಕಥೆಯಲ್ಲಿ ಈ ಭಾಗ ಇರಲೇ ಇಲ್ಲ. ಅದಕ್ಕೆ ಸೌಟು ಎಷ್ಟು ಸುತ್ತು ಎಂದು ನನಗೆ ಗೊತ್ತಿರಲಿಲ್ಲ. ಎರಡು ಸುತ್ತು ಹಾಕಿದೆ. ಬ್ರೆಡ್ ಅಂಗಡಿಯವಳನ್ನು ಕರೆಸಿ, ಸೈಕಲ್ಲನ್ನು ಬಾಗಿಲಲ್ಲಿ ಇಳಿಸಿ, ಸಕ್ಕರೆ ಹಾಕಿದೆ.

ಅರ್ಧ ಗಂಟೆಯ ಮೇಲೆ ನಾಲ್ಕನೇ ರೂಮಿನ ಬಟ್ಟಲು ವಾಪಸು ಬಂತು. ನೆಕ್ಕಿದಂತೆ ಖಾಲಿ.

"ಏನಂದ್ರು?" ಎಂದರು ಮೇಡಂ.

"ಎಣಿಸೋಕೆ ಏನೂ ಕೊಡದೆ ಇದ್ರೆ ಕಾಯಿಲೆಯವರು ಹೊತ್ತು ಹೇಗೆ ಕಳೀಬೇಕು ಅಂತ ಕೇಳಿದ್ರು," ಎಂದಳು ಪಾತ್ರೆ ಅಕ್ಕ.

ಮೇಡಂ ತಾವೂ ಒಂದು ಬಟ್ಟಲು ತಿಂದರು. ಅದನ್ನು ಮುಗಿಸಿ ಹೊರಗಿನ ಅಡುಗೆಯವರಿಗೆ ಬರಬೇಡಿ ಎಂದು ಫೋನು ಮಾಡಿದರು. ನಾನು ಬರೆದ ಹಾಳೆಯನ್ನು ಕೈಗೆ ತೆಗೆದುಕೊಂಡು ಓದಿದರು. ನನ್ನ ಅಕ್ಷರ ದೊಡ್ಡದು, ಸಾಲು ಒಂದು ಕಡೆಗೆ ಜಾರುತ್ತದೆ. ಬೆಣ್ಣೆ, ರವೆ, ಹಾಲು, ಚಿಟಿಕೆ ಉಪ್ಪು, ಸಕ್ಕರೆ. ಬೇಯುವ ಹೊತ್ತು ಎಂಬಲ್ಲಿ ಜಾಗ ಖಾಲಿ ಬಿಟ್ಟಿದ್ದೆ. ಮೇಡಂ ತಮ್ಮ ಪೆನ್ನು ತೆಗೆದು ಅಲ್ಲಿ ಬರೆದರು: "ಸೈಕಲ್ ಕಥೆ, ಪೂರ್ತಿ ಒಂದು ಸಲ, ನಗು ಸೇರಿ." ಹಾಳೆಯನ್ನು ಗಡಿಯಾರದ ಕೆಳಗೆ ಅಂಟಿಸಿದರು.

ಮನೆಯಲ್ಲಿ ಅಜ್ಜಿ ಗಂಜಿಯ ಡಬ್ಬಿಗಾಗಿ ಬಾಗಿಲಲ್ಲೇ ಕಾಯುತ್ತಿದ್ದಳು. ಎಡಗೈಯಲ್ಲಿ ಚಮಚ ಹಿಡಿದು ಒಂದು ತುತ್ತು ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ತಾತ ನನ್ನ ಹಿಂದೆ ನಿಂತು ಬೂಟಿನ ಲೇಸು ಬಿಚ್ಚುತ್ತಿದ್ದರು.

"ಗಂಟಿಲ್ಲ," ಎಂದಳು.

"ಇಲ್ಲ."

ಇನ್ನೊಂದು ತುತ್ತು. "ಆದ್ರೆ ಒಂಚೂರು ಮಂದ ಆಗಿದೆ. ಅರ್ಧದವರೆಗೆ ನೀನು ಹೇಳಿದ್ದೀಯ. ಆಮೇಲೆ ಯಾರು ಹೇಳಿದ್ದು?"

ಲೇಸು ಬಿಚ್ಚುವ ಸದ್ದು ನಿಂತಿತು.

"ಇವರೇ. ಇನ್ಯಾರು ಇಷ್ಟು ಎಳೀತಾರೆ? ಕೆಸರಿನ ಸುಳ್ಳನ್ನೂ ಸೇರಿಸಿರಬೇಕು."

"ಸುಳ್ಳಲ್ಲ ಅದು," ಎಂದರು ತಾತ. "ಹಿಂದಿನ ದಿನ ಮಳೆ ಬಂದಿತ್ತು."

"ಬಂದಿತ್ತು, ಬಂದಿತ್ತು. ಸೈಕಲ್ ಕಲಿಯೋಕೆ ಆಮೇಲೆ ಒಂದು ತಿಂಗಳು ಬೇಲಿಗೆ ಬಿದ್ದವರು ಯಾರು? ಮುಳ್ಳು ಕಿತ್ತವಳು ನಾನು."

"ನನಗೆ ಹೊರಗೆ ಕೆಲಸ ಇದೆ," ಎಂದು ತಾತ ಬಿಚ್ಚಿದ ಬೂಟನ್ನೇ ಮತ್ತೆ ಹಾಕಿಕೊಳ್ಳತೊಡಗಿದರು. ಆದರೆ ಹೋಗಲಿಲ್ಲ.

ಅಜ್ಜಿ ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿ ಚಮಚವನ್ನು ನನ್ನ ಕೈಗೆ ಕೊಟ್ಟಳು.

"ಬೆಕ್ಕು ಬಾಯಿ ಬಿಟ್ಟಿತಲ್ಲ, ಸಾಕು. ನಾಳೆ ಪೂರ್ತಿ ನೀನೇ ಹೇಳು, ಇವರನ್ನ ಗೇಟಿಗೆ ಕಳಿಸು. ನಿನಗೂ ಒಬ್ಬ ಸಿಗ್ತಾನೆ ಬಿಡು, ಅವನೂ ಏನಾದ್ರೂ ಎಡವಟ್ಟು ಮಾಡೇ ಮಾಡ್ತಾನೆ. ಅಲ್ಲಿವರೆಗೂ ನನ್ನವರನ್ನೇ ಇಟ್ಕೋ."