ಅಟ್ಟದ ಮೇಲಿನ ಮೂವರು ಅಕ್ಕತಂಗಿಯರು

ರಾಜ ಇದ್ದನೋ ಇಲ್ಲವೋ, ಅವನ ಯುದ್ಧವಂತೂ ಇತ್ತು. ಆ ಯುದ್ಧದಲ್ಲಿ ದಂಡಿನ ವೈದ್ಯನಿಗೆ ಒಬ್ಬ ಕೈಯಾಳಿದ್ದ. ಕೈಯಾಳಿನ ಹತ್ತಿರ ಒಂದು ಮರದ ಪೆಟ್ಟಿಗೆ, ಅದರೊಳಗೆ ಮೂವರು ಅಕ್ಕತಂಗಿಯರು. ಕಿರಿಯಳಿಗೆ ಮುಗ್ಗಿದ ಹುಲ್ಲಿನ ವಾಸನೆ. ಅವಳು ಎದೆಯೊಳಗೆ ಹೋಗಿ ಕೂತರೆ ಮನುಷ್ಯ ಒಣನೆಲದ ಮೇಲೆ ಮುಳುಗಿ ಸಾಯುತ್ತಾನೆ. ನಡುವಿನವಳಿಗೆ ಹೂವಿನ ವಾಸನೆ. ಮುಟ್ಟಿದ ಕೂಡಲೇ ಕಚ್ಚುತ್ತಾಳೆ. ಹಿರಿಯಳಿಗೆ ಬೆಳ್ಳುಳ್ಳಿಯ ವಾಸನೆ. ಅವಳು ಚಳಿಗಾಲವೆಲ್ಲ ಗಡ್ಡೆ ಕಟ್ಟಿಕೊಂಡು ಮಲಗಿ ಬೇಸಿಗೆಗೆ ಏಳುತ್ತಾಳೆ. ಅವಳು ಮುಟ್ಟಿದ್ದು ಗೊತ್ತೇ ಆಗುವುದಿಲ್ಲ. ಮುಟ್ಟಿಸಿಕೊಂಡವರು ನಗುನಗುತ್ತ ಉಂಡು ಮಲಗುತ್ತಾರೆ. ಅಳು ಮರುದಿನ ಬರುತ್ತದೆ.

ದಂಡು ಎದ್ದು ಹೋಗುವಾಗ ಪೆಟ್ಟಿಗೆಯನ್ನು ಬಾವಿಯ ಪಕ್ಕದ ಗುಂಡಿಗೆ ಸುರಿಯಬೇಕೆಂದು ಹುಕುಮಾಯಿತು. ಆ ಬಾವಿಯ ನೀರನ್ನು ಊರೇ ಕುಡಿಯುತ್ತಿತ್ತು. ಕೈಯಾಳು ಸುರಿಯಲಿಲ್ಲ, ಹಾಸಿಗೆಯಲ್ಲಿ ಸುತ್ತಿ ಮನೆಗೆ ತಂದ. ಸಾಯುವಾಗ ಮಗಳಿಂದ ಮಾತು ತೆಗೆದುಕೊಂಡ: ಹೊಳೆಗೆ ಹಾಕಬೇಡ, ಬಾವಿಗೆ ಹಾಕಬೇಡ, ಮಣ್ಣಲ್ಲಿ ಹೂಳಬೇಡ. ದಂಡಿನ ವೈದ್ಯರ ಕೈಗೇ ಕೊಡು. ಕೊಡುವ ಮೊದಲು, ಹಿರಿಯಳು ಮುಟ್ಟಿದರೆ ಮದ್ದೇನು ಅಂತ ಕೇಳು. ಸುಳ್ಳು ಹೇಳದವರಿಗೆ ಮಾತ್ರ ಕೊಡು.

"ಮುಂದ?" ಎಂದು ನಾನು ಕೇಳುತ್ತಿದ್ದೆ.

"ಮುಂದಿಂದು ಇನ್ನೂ ಆಗಿಲ್ಲವಾ," ಎನ್ನುತ್ತಿದ್ದಳು ನನ್ನ ಅಜ್ಜಿ ಯಮುನಾಬಾಯಿ.

ಕಾಚಿಗುಡದ ನಮ್ಮ ಮನೆಯಲ್ಲಿ ದೇವರ ಕೋಣೆಯ ಮೇಲೊಂದು ಅಟ್ಟವಿದೆ. ಅಜ್ಜಿಯ ಮಡಿಸೀರೆ ಹರವುವ ಗಳದ ಆಚೆ, ಅವಳು ಮದುವೆಯಾಗಿ ಬಂದಾಗ ತಂದ ತಗಡಿನ ಟ್ರಂಕು. "ಅದು ಮಡಿ ಅದ, ಯಾರೂ ಮುಟ್ಟಬ್ಯಾಡ್ರಿ" ಎಂದು ಅಂದು ಹೇಳಿದ್ದಳಂತೆ. ಅರವತ್ತು ವರ್ಷಕ್ಕೂ ಮೇಲಾಯಿತು, ಯಾರೂ ಮುಟ್ಟಿರಲಿಲ್ಲ. ಅದರ ಕೀಲಿಕೈ ಅವಳ ಸೆರಗಿನ ಗಂಟಿನಲ್ಲೇ ಇರುತ್ತಿತ್ತು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಅಜ್ಜಿ ಆ ಗಳದ ಕೆಳಗೆ ನಿಂತು, ತೊಟ್ಟಿಲು ತೂಗುವ ದನಿಯಲ್ಲಿ, "ಮಲಕೋ, ಇನ್ನೊಂದು ವರ್ಷ ಮಲಕೋ" ಎನ್ನುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ದೇವರಿಗೆ ಹೇಳುತ್ತಾಳೆ ಅಂದುಕೊಂಡಿದ್ದೆ.

ಈ ಮೇ ತಿಂಗಳ ಒಂದು ಸೋಮವಾರ ದೇವರ ಕೋಣೆಯಲ್ಲಿ ಬೆಳ್ಳುಳ್ಳಿಯ ವಾಸನೆ ಬಂತು.

ನಮ್ಮದು ಈರುಳ್ಳಿ ಬೆಳ್ಳುಳ್ಳಿ ಹೊಸ್ತಿಲು ದಾಟದ ಮನೆ. ಅಮ್ಮನ ಕಣ್ಣು ನೇರವಾಗಿ ಅಣ್ಣನ ಮೇಲೆ ಹೋಯಿತು.

"ಮಿಲಿಂದ, ಬಿರ್ಯಾನಿ ತಿಂದು ಕೈ ತೊಳಕೊಂಡಿಯೋ ಇಲ್ಲೋ?"

"ನಾ ತಿಂದಿದ್ದು ಶನಿವಾರ, ಅಮ್ಮ. ಎರಡು ದಿನ ನಾರಲಿಕ್ಕೆ ಅದೇನು ಬಿರ್ಯಾನಿನೋ, ಬಾಂಬೋ?"

"ದೇವರ ಮನ್ಯಾಗ ನಿಂತು ಹೆಂಗ ಒಪ್ಕೋತಾನ ನೋಡು, ನಾಚಿಗಿಲ್ಲದಾಂವ!"

ಅಜ್ಜಿ ಒಳಗೆ ಜ್ವರದಲ್ಲಿ ಮಲಗಿದ್ದಳು. ಇಲ್ಲದಿದ್ದರೆ ಅಮ್ಮ ಏಣಿ ಹತ್ತುತ್ತಿರಲಿಲ್ಲ. ವಾಸನೆ ಟ್ರಂಕಿನ ಕಡೆಯಿಂದಲೇ ಬರುತ್ತಿತ್ತು. ಅತ್ತೆಯವರ ಮಡಿ ಟ್ರಂಕು ಮೈಲಿಗೆಯಾಯಿತಲ್ಲ ಎಂದು ಅಮ್ಮ ಅದನ್ನು ಗೋಮೂತ್ರದಲ್ಲಿ ಅದ್ದಿದ ಬಟ್ಟೆಯಿಂದ ನಾಲ್ಕೂ ಬದಿ, ಸಂದಿಗಳಲ್ಲಿ ಬೆರಳು ತೂರಿಸಿ, ಒರೆಸಿ ಶುದ್ಧ ಮಾಡಿದಳು. ಸಂಜೆ ಹೊತ್ತಿಗೆ, "ವಾಸನಿ ಹೋಯ್ತು ನೋಡು" ಎಂದು ನಗುತ್ತ ಊಟಕ್ಕೆ ಬಡಿಸಿದಳು. ನನ್ನ ಮೂಗಿಗೂ ಏನೂ ಬಡಿಯಲಿಲ್ಲ.

ಮಂಗಳವಾರ ಬೆಳಿಗ್ಗೆ ಅಮ್ಮ ಬಲಗೈ ಚಾಚಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದಳು. ಬೆರಳುಗಳ ನಡುವೆ, ಮಣಿಕಟ್ಟಿನ ಸುತ್ತ, ಹಳದಿ ನೀರು ತುಂಬಿದ ಬೊಬ್ಬೆಗಳು. ಕಣ್ಣು ಕೆಂಪಗೆ ಊದಿದ್ದವು.

"ರಾತ್ರಿ ಏನೂ ಇರಲಿಲ್ಲ, ಸಂಪದಾ," ಎಂದಳು. "ಒಂಚೂರೂ ಉರೀಲಿಲ್ಲ."

ಅಳು ಮರುದಿನ ಬರುತ್ತದೆ.

ಉಪ್ಪಲ್ ಕಡೆಯ ಕಾಲೇಜಿನಲ್ಲಿ ನಾನು ಫಾರ್ಮಸಿ ಓದುತ್ತೇನೆ. ವಿಷಶಾಸ್ತ್ರದ ತರಗತಿಯಲ್ಲಿ ಕಿಟಕಿ ನೋಡುತ್ತ ಕೂರುವವಳು. ಆದರೆ ಸಾಸಿವೆ ಅನಿಲವೆಂಬ ಯುದ್ಧವಿಷದ ಪಾಠದ ದಿನ ಕಿಟಕಿ ನೋಡಿರಲಿಲ್ಲ. ಕಲಿಸುವವರು ಕರ್ನಲ್ ಸುಹಾಸಿನಿ. ಸೈನ್ಯದಲ್ಲಿ ಇಪ್ಪತ್ತೆಂಟು ವರ್ಷ ಡಾಕ್ಟರಾಗಿದ್ದವರು, ತವರು ಬೀದರ. ಬೆಳ್ಳುಳ್ಳಿಯಂಥ ವಾಸನೆ, ನೋವಿಲ್ಲದ ಸ್ಪರ್ಶ, ಗಂಟೆಗಟ್ಟಲೆ ತಡವಾಗಿ ಏಳುವ ಬೊಬ್ಬೆ ಎಂದು ಅವರು ಹೇಳುತ್ತಿದ್ದಾಗ, ಇದನ್ನು ನಾನು ಮೊದಲೇ ಎಲ್ಲೋ ಕೇಳಿದ್ದೇನಲ್ಲ ಅನಿಸಿತ್ತು. ಎಲ್ಲಿ ಎಂದು ಈಗ ಹೊಳೆಯಿತು. ಅವರಿಗೇ ಫೋನ್ ಮಾಡಿ ವಾಸನೆ, ಟ್ರಂಕು, ಅಮ್ಮನ ಬೊಬ್ಬೆ ಎಲ್ಲ ಹೇಳಿದೆ.

ಅವರು ಮಧ್ಯೆ ಒಂದೇ ಸಲ ಬಾಯಿ ಹಾಕಿದರು. "ಈಗ ವಾಸನಿ ಅದನೋ?"

"ಇಲ್ರಿ ಮೇಡಂ. ಹೋಗ್ಯದ."

"ಹೋಗಿಲ್ಲ. ನಿಮ್ಮ ಮೂಗಿಗೆ ರೂಢಿ ಆಗ್ಯದ. ಎಲ್ಲಾರೂ ಹೊರಗ ಬರ್ರಿ. ಅಮ್ಮ ನಿನ್ನೆ ಉಟ್ಟ ಸೀರಿ, ಆ ಬಟ್ಟಿ, ಕೈಗವಸು ಹಾಕ್ಕೊಂಡು ಪ್ಲಾಸ್ಟಿಕ್ ಚೀಲದಾಗ ಕಟ್ಟಿಡ್ರಿ. ಕಣ್ಣು ನೀರಿಲೆ ತೊಳೀರಿ, ಮೈಗೆ ಸೋಪು ಹಚ್ಚಿ ಸ್ನಾನ. ಬೊಬ್ಬಿ ಒಡೀಬ್ಯಾಡ್ರಿ, ದವಾಖಾನಿಗೆ ಒಯ್ರಿ. ತೊಳಿಯೋ ವ್ಯಾಳ್ಯಾ ನಿನ್ನೇನೇ ಮುಗದದ, ಆದ್ರೂ ತೊಳೀರಿ. ನಾ ಸೈನ್ಯದವರನ್ನ ಕರಕೊಂಡು ಬರ್ತೀನಿ. ಟ್ರಂಕು ಯಾರೂ ಅಲುಗಾಡಿಸಬಾರದು."

ಅಪ್ಪ ಅಮ್ಮನನ್ನು ದವಾಖಾನೆಗೆ ಕರೆದೊಯ್ದರು. ನಾನು ಅಜ್ಜಿಯನ್ನು ಬೇವಿನ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿದೆ. ತಿರುಗಿ ನೋಡಿದರೆ ಮಿಲಿಂದ ಬಾಗಿಲಲ್ಲಿ ಹಗ್ಗ ಹಿಡಿದು ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

"ಸೈನ್ಯ ಬಂದು ಮನಿಗೆ ಸೀಲ್ ಹಾಕ್ತದೇನು? ಗಾಡ್ಯಾಗ ಹಾಕ್ಕೊಂಡು ಹೋಗಿ ಮೂಸಿ ಹೊಳಿಗೆ ಒಗದು ಬರ್ತೀನಿ. ಹತ್ತು ನಿಮಿಷದ ಕೆಲಸ."

ನಾನು ಅವನ ತೋಳು ಹಿಡಿದೆ, ಕೊಡವಿಕೊಂಡ. ಅಜ್ಜಿ ಕುರ್ಚಿಯಿಂದ ಏಳಲಿಲ್ಲ, ದನಿಯೂ ಏರಿಸಲಿಲ್ಲ.

"ಒಗಿ. ಮೂಸಿ ದಂಡೀ ಮ್ಯಾಲೆ ಪಾಲಕ್ ಬೆಳೀತಾರಲಾ, ಅದನ್ನ ನಾಳೆ ನಿಮ್ಮಮ್ಮನೇ ತರ್ತಾಳ. ನಮ್ಮಪ್ಪ ಸಿಪಾಯಿ ಹುಡುಗರ ಮುಂಗೈ ಮ್ಯಾಲೆ ಈ ವಿಷದ ಹನಿ ಹಾಕಿ ನೋಡೋ ಡೇರ್ಯಾಗ ಕಂಪೌಂಡರ್ ಇದ್ದ. ಮಾರನೇ ದಿನ ಬೊಬ್ಬಿ ಅಳೀತಿದ್ದ. ಸಾಯೋತನಕ ಬೆಳ್ಳುಳ್ಳಿ ನಾರಿದ್ರ ಸಾಕು, ಎದ್ದು ಕೂಡ್ತಿದ್ದ. ಅಂಥಾಂವ ಬಾವಿಗೆ ಹಾಕಲಿಲ್ಲ. ನೀ ಹಾಕ್ತೀಯಾ?"

ಮಿಲಿಂದ ಹಗ್ಗವನ್ನು ಮೆಟ್ಟಿಲ ಮೇಲೆ ಇಟ್ಟು, ನೆಲದ ಮೇಲೆ ಕೂತುಬಿಟ್ಟ.

"ಮೊದಲೇ ಯಾಕ ಹೇಳಲಿಲ್ಲಜ್ಜಿ?" ಎಂದೆ.

"ದಿನಾ ಹೇಳೀನಲ್ಲವಾ. ಹೆಣಮಗಳು, ಯಾರ ಕಚೇರಿ ಬಾಗಲಿಗೆ ಹೋಗಲಿ? ಒಮ್ಮೆ ನಿಮ್ಮಜ್ಜ ಒಬ್ಬ ಫೌಜಿ ಡಾಕ್ಟರನ್ನ ಊಟಕ್ಕ ಕರಕೊಂಡು ಬಂದಿದ್ರು. ಮದ್ದೇನಂತ ಕೇಳಿದೆ. 'ಎಲ್ಲಾದಕ್ಕೂ ಮದ್ದದರಿ ನಮ್ಮ ಕಡೆ' ಅಂದ. ಪಾಯಸ ಬಡಿಸಿ ಕಳಿಸಿದೆ."

ಸೂರ್ಯ ನೆತ್ತಿ ದಾಟಿದಾಗ ಹಸಿರು ಟ್ರಕ್ಕು ಬಂತು. ಮೂವರು ಇಳಿದರು, ತಲೆಯಿಂದ ಕಾಲಿನವರೆಗೆ ರಬ್ಬರಿನ ಉಡುಪು, ಮುಖದ ಜಾಗದಲ್ಲಿ ಎರಡು ಗಾಜಿನ ಕಣ್ಣು. ಬೀದಿಯ ನಾಯಿಗಳು ಬೊಗಳಲಿಲ್ಲ, ಹಿಂದೆ ಸರಿದವು. ಅವರಲ್ಲೊಬ್ಬರು ಅಂಗಳದಲ್ಲೇ ಮುಖವಾಡ ತೆಗೆದರು. ಬೆವರಿನಲ್ಲಿ ತೊಯ್ದ ನರೆಗೂದಲು, ಕರ್ನಲ್ ಸುಹಾಸಿನಿ. ಬಗ್ಗಿ ನಮಸ್ಕಾರ ಮಾಡಿದರು.

ಅಜ್ಜಿ ಆಶೀರ್ವಾದ ಮಾಡಲಿಲ್ಲ. "ಹಿರೇಯಾಕಿ ಮುಟ್ಟಿದ್ರ ಮದ್ದೇನ್ರಿ?" ಎಂದು ಕೇಳಿದಳು.

ನಾನು ಅವರಿಗೆ ಕತೆ ಹೇಳಿರಲಿಲ್ಲ. ಹೇಳಬಾರದೆನಿಸಿತ್ತು. ಅವರು ನನ್ನನ್ನು ನೋಡಿದರು, ಆಮೇಲೆ ಅಟ್ಟದ ಕಿಟಕಿಯನ್ನು.

"ಬೆಳ್ಳುಳ್ಳಿ ವಾಸನೀದೇನ್ರಿ, ಅಜ್ಜಿ?"

"ಹೌದು."

"ಮದ್ದಿಲ್ಲರಿ. ಮುಟ್ಟಿದ ಕೂಡ್ಲೇ ತೊಳೀಬೇಕು. ಆಮ್ಯಾಲೆ ಗಾಯಕ್ಕ ಆರೈಕಿ ಮಾಡಕೋತ ಕಾಯಬೇಕು. ನಿಮ್ಮ ಸೊಸಿ ಕೈ ಮಾಯತದ, ಕಣ್ಣೂ ತಿಳೀ ಆಗ್ತಾವ ಅನಸ್ತದ. ಆದ್ರ ಮದ್ದು ಅದ ಅಂತ ಹ್ಯಾಂಗ ಹೇಳಲಿ?"

ಅಜ್ಜಿ, "ಒಯ್ರಿ," ಎಂದಳು.

ಅವರು ಇಡೀ ಟ್ರಂಕನ್ನೇ ದಪ್ಪ ಹಾಳೆಯಲ್ಲಿ ಸುತ್ತಿ ಕೆಳಗಿಳಿಸಿದರು, ಅಂಗಳದ ಮೂಲೆಯಲ್ಲಿ ಒಮ್ಮೆ ತೆರೆದು ನೋಡಲು ಕೀಲಿಕೈ ಬೇಕೆಂದರು. ಒಳಗೇನಿರುತ್ತದೆ ಎಂದು ಕರ್ನಲ್ ಮೊದಲೇ ಹೇಳಿದರು: ಸಿಪಾಯಿಗಳಿಗೆ ವಿಷದ ವಾಸನೆ ಗುರುತು ಹಿಡಿಯಲು ಕಲಿಸುತ್ತಿದ್ದ ಮೂರು ಸೀಸೆಗಳು. ಒಂದು ಬಿರುಕು ಬಿಟ್ಟಿರಬೇಕು.

"ಮೂರ ಅವ ಅಂತ ಹ್ಯಾಂಗ ಗೊತ್ತಾತ್ರಿ?" ಎಂದು ನಾನು ಪಿಸುಗುಟ್ಟಿದೆ.

"ನಮ್ಮ ಅಜ್ಜಾನೂ ಆ ದಂಡಿನ್ಯಾಗ ಇದ್ರವಾ. ಮುಂಗೈ ಮ್ಯಾಲೆ ಬೊಬ್ಬಿ ಕಲಿ ಇತ್ತು. ನಮಗೂ ಮೂರು ಅಕ್ಕತಂಗಿಯರ ಕತಿ ಹೇಳ್ತಿದ್ರು."

ಅಜ್ಜಿ ಸೆರಗಿನ ಗಂಟು ಬಿಚ್ಚಿದಳು. ಮಡಿಯಲ್ಲಿದ್ದಾಗ ಅವಳು ಯಾರಿಗೂ ಏನನ್ನೂ ಕೈಗೆ ಕೊಡುವವಳಲ್ಲ. ಮೇಲಿಂದ ಬಿಡುತ್ತಾಳೆ, ನಾವು ಕೆಳಗೆ ಹಿಡಿಯುತ್ತೇವೆ. ಕರ್ನಲ್ ಕೈಗವಸು ಕಳಚಿ ಅಂಗೈ ಒಡ್ಡಿದರು. ಅಜ್ಜಿ ಕೀಲಿಕೈಯನ್ನು ಆ ಅಂಗೈಯೊಳಗಿಟ್ಟು, ಬೆರಳುಗಳನ್ನು ಒಂದೊಂದಾಗಿ ತಾನೇ ಮಡಿಚಿ ಮುಚ್ಚಿದಳು.